ಮ್ಯಾಕ್ ಮನೆಯಲ್ಲಿ ಡಾಸ್ ಬಿಡಾರ

ಪ್ರಿನ್ಸ್ ಆಫ್ ಪರ್ಷಿಯಾ ಆಟ ಹುಟ್ಟಿದ್ದು 1989ರಲ್ಲಿ, ಆಪಲ್ 2 ಕಂಪ್ಯೂಟರಿಗಾಗಿ. ಮರುವರ್ಷ ಪಿಸಿಗಳ ಡಾಸ್ ಕಾರ್ಯಾಚರಣಾ ವ್ಯವಸ್ಥೆಗೆ ಬಂತು. ಈಗ ಆ ಡಾಸ್ ಆವೃತ್ತಿಯನ್ನೇ ಆಪಲ್‌ನ ಮ್ಯಾಕ್ ಮೇಲೆ ಆಡಬಹುದು. ತವರಿಗೆ ಬಂದ ಮಗಳು ಗಂಡನ ಮನೆಯ ಮಾತನ್ನೇ ಆಡಿದ ಹಾಗೆ!

ಇದು 2002ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದ ಕೈಚಳಕ. ಇಂಟೆಲ್ ಪ್ರೊಸೆಸರ್, ವಿಜಿಎ ಪರದೆ, ಸೌಂಡ್ ಬ್ಲಾಸ್ಟರ್ ಕಾರ್ಡು, ಹೀಗೆ ಇಡೀ ಹಳೆಯ ಪಿಸಿಯ ವೇಷವನ್ನು ಅದೊಂದೇ ಹಾಕುತ್ತದೆ. ಮೌಂಟ್ ಎಂಬ ಒಂದು ಆದೇಶ ಕೊಟ್ಟರೆ ಮ್ಯಾಕ್‌ನ ಯಾವುದೋ ಫೋಲ್ಡರ್ ಸಿ ಡ್ರೈವ್ ಆಗಿಬಿಡುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಅದು ನಿಧಾನವನ್ನು ಪಳಗಿಸಿದ ಬಗೆ. ಆ ಕಾಲದ ಎಷ್ಟೋ ಆಟಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರವೆಂದು ನಂಬಿದ್ದವು. ಇಂದಿನ ಯಂತ್ರದಲ್ಲಿ ಕಡಿವಾಣವಿಲ್ಲದೆ ಓಡಿಸಿದರೆ ಶತ್ರು ಕಣ್ಣಿಗೆ ಬೀಳುವ ಮೊದಲೇ ನಾವು ಸತ್ತಿರುತ್ತೇವೆ. ಅದಕ್ಕೇ ಡಾಸ್‌ಬಾಕ್ಸ್ ಮಿಲಿಸೆಕೆಂಡಿಗೆ ಇಷ್ಟೇ ಸೂಚನೆ ಎಂದು ಲೆಕ್ಕ ಹಾಕಿ ಬಡಿಸುತ್ತದೆ, ಸಾಮಾನ್ಯವಾಗಿ 3000. ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ವೇಗ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. (ಮ್ಯಾಕ್‌ನಲ್ಲಿ ಆ ಕೀಲಿಗಳು ಸದ್ದಿನ ಚಾಕರಿಯಲ್ಲಿರುವುದರಿಂದ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕು, ಬೆರಳಿಗೆ ಒಳ್ಳೆಯ ಕಸರತ್ತು.)

ಮ್ಯಾಕ್‌ನ ಕಾರ್ಯಾಚರಣಾ ವ್ಯವಸ್ಥೆಯ 2019ರ ಆವೃತ್ತಿ ಕ್ಯಾಟಲಿನಾ ಬಂದಾಗ ಮ್ಯಾಕ್‌ನದೇ 32 ಬಿಟ್ ತಂತ್ರಾಂಶಗಳೆಲ್ಲ ಒಮ್ಮೆಲೇ ನಿಂತುಹೋದವು. ಅದೇ ಮ್ಯಾಕ್‌ನಲ್ಲಿ ಡಾಸ್‌ಬಾಕ್ಸ್ ಒಳಗೆ ಡಾಸ್ ಕಾಲದ ಬರವಣಿಗೆ ತಂತ್ರಾಂಶ ವರ್ಡ್‌ಸ್ಟಾರ್ ಮಾತ್ರ ಈಗಲೂ ತೆರೆದುಕೊಳ್ಳುತ್ತದೆ, ಕಂಟ್ರೋಲ್ ಕೆ ಡಿ ಒತ್ತಿದರೆ ಕಡತವನ್ನು ಉಳಿಸಿಯೂ ಕೊಡುತ್ತದೆ.