ಮರೀಚಿಯ ನೆರೆಯ ಸುಳಿ

ಸಪ್ತರ್ಷಿಮಂಡಲದ ಬಾಲದ ಕೊನೆಯಲ್ಲಿ ಹೊಳೆಯುವ ಮರೀಚಿಯಿಂದ ನೈಋತ್ಯದ ಕಡೆಗೆ ಮೂರೂವರೆ ಡಿಗ್ರಿಯಷ್ಟು ಸರಿದರೆ, ಬರಿಗಣ್ಣಿಗೆ ಶೂನ್ಯವೆಂದೇ ತೋರುವ ಎಡೆಯೊಂದರಲ್ಲಿ, ಮೆಸ್ಯೇಯ ಪಟ್ಟಿಯ ಐವತ್ತೊಂದನೆಯದೆಂದು ಪ್ರಸಿದ್ಧವಾದ ಸುರುಳಿ ಗೆಲಾಕ್ಸಿ ಇದೆ. 1773ರ ಅಕ್ಟೋಬರಿನಲ್ಲಿ ಧೂಮಕೇತುವೊಂದರ ಬೆನ್ನು ಹತ್ತಿದ್ದ ಪ್ಯಾರಿಸಿನ ಷಾರ್ಲ್ ಮೆಸ್ಯೇಗೆ ಅದು ನಕ್ಷತ್ರರಹಿತವಾದ ಒಂದು ಮಸುಕಾಗಿ ಕಂಡಿತು. 1781ರಲ್ಲಿ ಪಿಯೆರ್ ಮೆಷೆನ್ ಅದರ ಪಕ್ಕದಲ್ಲಿಯೇ ಇನ್ನೊಂದು ಚಿಕ್ಕ ಮಸುಕನ್ನು ಗುರುತಿಸಿದನು. ಆದರೆ ದೊಡ್ಡ ಮಸುಕಿನ ನಿಜವಾದ ಆಕಾರ ಮನುಷ್ಯನಿಗೆ ಗೋಚರವಾಗಬೇಕಾದರೆ 1845ರ ವಸಂತದವರೆಗೆ ಕಾಯಬೇಕಾಯಿತು. ಐರ್ಲೆಂಡಿನ ಬರ್ ಎಂಬ ಊರಿನಲ್ಲಿ, ತನ್ನ ಕೋಟೆಮನೆಯ ಅಂಗಳದಲ್ಲಿ, ಎರಡು ಮಹಾಭಿತ್ತಿಗಳ ನಡುವೆ ತಾನು ನಿಲ್ಲಿಸಿದ್ದ 72 ಅಂಗುಲ ವ್ಯಾಸದ ಲೋಹದರ್ಪಣದ ದೂರದರ್ಶಕಕ್ಕೆ ಕಣ್ಣಿಟ್ಟು, ಮೂರನೆಯ ರಾಸ್ ಅರ್ಲ್ ವಿಲಿಯಂ ಪಾರ್ಸನ್ಸ್ ಆ ಮಸುಕಿನೊಳಗೆ ಸುತ್ತಿಕೊಂಡಿರುವ ಬಾಹುಗಳನ್ನು ಕಂಡು, ಕೈಯಿಂದಲೇ ಅದರ ಚಿತ್ರವನ್ನು ಬರೆದನು. ನೀಹಾರಿಕೆಯೆಂದು ಕರೆಯಲ್ಪಡುತ್ತಿದ್ದ ವಸ್ತುವೊಂದರಲ್ಲಿ ಸುರುಳಿಯ ವಿನ್ಯಾಸವನ್ನು ಮಾನವನು ಕಂಡುದು ಅದೇ ಮೊದಲು.

ಅದೇ ಸುಳಿಯನ್ನು ಇಂದು, ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ 80 ಮಿಲಿಮೀಟರ್ ವ್ಯಾಸದ ದೂರದರ್ಶಕದ ಹಿಂದೆ ಒಂದು ಪುಟ್ಟ ಕ್ಯಾಮೆರಾವನ್ನು ತೊಡಿಸಿ, ಮಾಳಿಗೆಯ ಮೇಲೋ ಹೊಲದ ಬದುವಿನಲ್ಲೋ ಕುಳಿತು, ಐದು ನಿಮಿಷಗಳೊಳಗೆ ಪರದೆಯ ಮೇಲೆ ನೋಡಬಹುದಾಗಿದೆ. ಲೈವ್ ಸ್ಟ್ಯಾಕಿಂಗ್ ಎಂದು ಆಕಾಶವೀಕ್ಷಕರು ಕರೆಯುವ ಈ ವಿಧಾನವು ಛಾಯಾಗ್ರಹಣದ ಒಂದು ಸುಲಭೋಪಾಯವಲ್ಲ, ಅದು ನೋಡುವುದರದೇ ಒಂದು ಹೊಸ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಒಪ್ಪಬೇಕಾದರೆ ಮೊದಲು ನಮ್ಮ ಕಣ್ಣಿನ ಮರ್ಯಾದೆ ಎಷ್ಟೆಂಬುದನ್ನು ತಿಳಿಯಬೇಕು. ಇಪ್ಪತ್ತು ಮೂವತ್ತು ನಿಮಿಷ ಕತ್ತಲೆಯಲ್ಲಿದ್ದ ಬಳಿಕ ಅಕ್ಷಿಪಟದ ದಂಡಕೋಶಗಳು ಆಶ್ಚರ್ಯಕರವಾದ ಸೂಕ್ಷ್ಮತೆಯನ್ನು ಪಡೆಯುತ್ತವೆ, ನಿಜ. ಆದರೆ ಅವುಗಳಿಗೆ ವರ್ಣಜ್ಞಾನವಿಲ್ಲ, ಮತ್ತು ಬಿದ್ದ ಬೆಳಕನ್ನು ಅವು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಮಾತ್ರ ಕೂಡಿಟ್ಟು, ಅನಂತರ ಮರೆತು ಹೊಸದಾಗಿ ತೊಡಗುತ್ತವೆ. ದೂರದರ್ಶಕವು ಈ ಕೊರತೆಯನ್ನು ತುಂಬಲಾರದು. ನಕ್ಷತ್ರವು ಬಿಂದುವಾದುದರಿಂದ ಗಾಜು ದೊಡ್ಡದಾದಷ್ಟೂ ಹೆಚ್ಚು ಪ್ರಕಾಶಿಸುವುದು. ಆದರೆ ನೀಹಾರಿಕೆಯಂತೆ ಹರಡಿಕೊಂಡ ವಸ್ತುವಿನ ಮೇಲ್ಮೈಯ ಕಾಂತಿಯನ್ನು ಯಾವ ದೂರದರ್ಶಕವೂ, ರಾಸ್ ಅರ್ಲನದೂ ಸಹ, ಬರಿಗಣ್ಣಿಗೆ ಇರುವುದಕ್ಕಿಂತ ಹೆಚ್ಚಿಸಿ ತೋರಿಸಲಾರದು. ಅದು ಮಾಡುವುದು ಅದೇ ಮಂದಕಾಂತಿಯನ್ನು ಹಿಗ್ಗಿಸಿ, ಹೆಚ್ಚು ದಂಡಕೋಶಗಳ ಮೇಲೆ ಹಾಸುವ ಕೆಲಸವನ್ನು ಮಾತ್ರ. ಹೀಗಾಗಿ 80 ಮಿಲಿಮೀಟರ್ ಗಾಜಿನಲ್ಲಿ, ಒಳ್ಳೆಯ ಕತ್ತಲೆಯಿದ್ದರೂ, ಮರೀಚಿಯ ನೆರೆಯ ಈ ಜೋಡಿ ಎರಡು ಬೂದುಬಣ್ಣದ ಚುಕ್ಕೆಗಳಾಗಿಯೇ ಉಳಿಯುವುದು. ನಮಗೆ ಇಲ್ಲದಿರುವುದು ಗಾಜಿನ ಅಗಲಕ್ಕಿಂತಲೂ ಹೆಚ್ಚಾಗಿ ಕಾಲವನ್ನು ಸಂಚಯಿಸುವ ಶಕ್ತಿ.

ಆ ಶಕ್ತಿಯನ್ನು ಕಣ್ಣಿಗೆ ಎರವಲಾಗಿ ಕೊಡುವುದೇ ಕ್ಯಾಮೆರಾದ ಕಾರ್ಯ. ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳಿನಲ್ಲಿ ತೋಡಿದ ತಲಪರಿಗೆಯು ನೋಡಿದ ಕ್ಷಣಕ್ಕೆ ಒದ್ದೆಯ ನೆಲವಾಗಿ ಕಂಡರೂ ತುಸು ಹೊತ್ತು ಕಾದವನಿಗೆ ಕೊಡ ತುಂಬಿಸಿ ಕೊಡುವಂತೆ, ಬೆಳಕಿನ ಈ ಜಿನುಗು ಕೂಡ ಕಾದವನಿಗೆ ದಕ್ಕುತ್ತದೆ. ಎಂಟು ಸೆಕೆಂಡುಗಳ ಒಂದೊಂದು ಚಿತ್ರ ಬಂದು ಸೇರುತ್ತಿದ್ದಂತೆ, ಕಂಪ್ಯೂಟರಿನ ಸಾಫ್ಟ್‌ವೇರ್ ಅದರೊಳಗಿನ ನಕ್ಷತ್ರಗಳನ್ನು ಗುರುತಿಸಿ, ಹಿಂದಿನ ಚಿತ್ರದ ನಕ್ಷತ್ರಗಳ ಮೇಲೆ ಸರಿಯಾಗಿ ಕೂರಿಸಿ, ಆಕಾಶದ ಪರಿಭ್ರಮಣದಿಂದಾದ ವಾಲುವಿಕೆಯನ್ನೂ ತಿದ್ದಿ, ಎಲ್ಲವುಗಳ ಸರಾಸರಿಯನ್ನು ಆಗಿಂದಾಗ ಪರದೆಗೆ ಒಪ್ಪಿಸುತ್ತದೆ. ಈ ಕಾರ್ಯಕ್ಕೆ ಇಂದು ಬಹಳವಾಗಿ ಬಳಕೆಯಾಗುವ ಸೋನಿಯ ಸ್ಟಾರ್ವಿಸ್ ಜಾತಿಯ ಸೆನ್ಸರುಗಳನ್ನು ಮೂಲತಃ ರೂಪಿಸಿದುದು ರಾತ್ರಿಯಲ್ಲಿ ಕಟ್ಟಡಗಳನ್ನು ಕಾಯುವ ಕಾವಲು ಕ್ಯಾಮೆರಾಗಳಿಗಾಗಿ. ಬಾಗಿಲು ಕಾಯಲೆಂದು ಹುಟ್ಟಿದ ಸಾಧನವೊಂದು ಗೆಲಾಕ್ಸಿಗಳ ದರ್ಶನಕ್ಕೆ ದ್ವಾರವಾದುದು ನನಗೆ ಪ್ರತಿಸಲವೂ ಸಂತೋಷವನ್ನುಂಟುಮಾಡುವ ಸಂಗತಿ.

ಇನ್ನು ದರ್ಶನದ ವಿಷಯ. ಮೊದಲ ಚಿತ್ರದಲ್ಲಿ ಕಾಣುವುದು ಎರಡು ಬೀಜಗಳು, ಅವುಗಳ ಸುತ್ತ ಒರಟಾದ ಮರಳುಮರಳು. ನಾಲ್ಕನೆಯದೋ ಐದನೆಯದೋ ಬರುವ ವೇಳೆಗೆ ದೊಡ್ಡ ಬೀಜದ ಸುತ್ತ ಒಂದು ಪ್ರಭೆ ಹರಡಿಕೊಳ್ಳುವುದು. ಒಂದು ನಿಮಿಷ ಕಳೆಯುವುದರೊಳಗೆ ಆ ಪ್ರಭೆಯಲ್ಲಿ ಎಲ್ಲಿಯೋ ಒಂದು ಬಾಗು ಇದೆಯೆಂಬ ಸಂಶಯ ಹುಟ್ಟಿ, ಸಂಶಯವು ನೋಡನೋಡುತ್ತಿದ್ದಂತೆಯೇ ನಿಶ್ಚಯವಾಗಿ, ಬಾಹುಗಳೆರಡೂ ಪ್ರತ್ಯೇಕಗೊಂಡು, ಅವುಗಳ ಒಳಮಗ್ಗುಲಿಗೆ ಧೂಳಿನ ಕಪ್ಪು ಗೆರೆ ಮೂಡಿ, ಐದನೆಯ ನಿಮಿಷದ ಸುಮಾರಿಗೆ ಹೊರಬಾಹು ತನ್ನ ಸಂಗಾತಿಯ ಕಡೆಗೆ ಚಾಚಿರುವ ಸೇತುವೆಯೂ ಸ್ಪಷ್ಟವಾಗುವುದು. ಎರಡೂವರೆ ಮೂರು ಕೋಟಿ ವರ್ಷಗಳ ಕಾಲ ಪ್ರಯಾಣ ಮಾಡಿ ಇಂದಿನ ರಾತ್ರಿ, ಈ ಗಾಜಿನ ಮೇಲೆ, ನಾನು ನೋಡುತ್ತಿರುವಂತೆಯೇ ಬಂದಿಳಿಯುತ್ತಿರುವ ಬೆಳಕಿನಿಂದ ಆ ಆಕೃತಿ ಕಟ್ಟಲ್ಪಡುತ್ತಿದೆಯಲ್ಲವೆ! ಪುಸ್ತಕದಲ್ಲಿ ಅಚ್ಚಾದ ಹಬಲ್ ಚಿತ್ರವು ಇದಕ್ಕಿಂತ ಸಾವಿರಪಾಲು ಸುಂದರವಾಗಿರಬಹುದು. ಆದರೆ ಅದು ಆಗಿಹೋದುದು, ಇದು ಆಗುತ್ತಿರುವುದು. 1994, 2005, 2011ನೆಯ ವರ್ಷಗಳಲ್ಲಿ ಈ ಗೆಲಾಕ್ಸಿಯಲ್ಲಿ ಸೂಪರ್‌ನೋವಾಗಳು ಸ್ಫೋಟಿಸಿದುದನ್ನು ಬಲ್ಲವನು, ಬಾಹುಗಳಲ್ಲಿ ಹೊಸ ಬಿಂದುವೇನಾದರೂ ಇದೆಯೇ ಎಂದು ಪ್ರತಿ ರಾತ್ರಿಯೂ ಒಮ್ಮೆ ಹುಡುಕದೆ ಇರಲಾರನು.

ಪರದೆಯನ್ನು ನೋಡುವುದು ಆಕಾಶವನ್ನು ನೋಡಿದಂತಾಗದು ಎಂದು ಹೇಳುವ ಹಿರಿಯ ವೀಕ್ಷಕರಿದ್ದಾರೆ. ಐಪೀಸಿನ ಮುಂದೆ ಉಸಿರು ಹಿಡಿದು ಕುಳಿತು ಪಳಗಿದ ಅವರ ಕಣ್ಣುಗಳ ಬಗ್ಗೆ ನನಗೆ ಅಪಾರವಾದ ಗೌರವವಿದೆ. ಆದರೂ ಕುದುರೆಮುಖ ನೀಹಾರಿಕೆಯ ವೃತ್ತಾಂತವನ್ನು ಅವರ ಮುಂದಿಡಲು ಇಚ್ಛಿಸುತ್ತೇನೆ. ಮಹಾವ್ಯಾಧನ ನಡುಪಟ್ಟಿಯ ಪೂರ್ವತುದಿಯ ನಕ್ಷತ್ರದ ಕೆಳಗೆಯೇ ಇರುವ ಆ ಕಪ್ಪು ಆಕೃತಿಯನ್ನು 1888ರಲ್ಲಿ ಕಂಡುಹಿಡಿದವಳು ಹಾರ್ವರ್ಡ್ ವೀಕ್ಷಣಾಲಯದ ವಿಲಿಯಮೀನಾ ಫ್ಲೆಮಿಂಗ್, ಮತ್ತು ಆಕೆ ಅದನ್ನು ಕಂಡುದು ಆಕಾಶದಲ್ಲಲ್ಲ, ಛಾಯಾಚಿತ್ರದ ಗಾಜಿನ ಫಲಕದ ಮೇಲೆ. ಕಣ್ಣಿನ ಮೂಲಕವಾಗಿ ಅದು ಮನುಷ್ಯಲೋಕವನ್ನು ಪ್ರವೇಶಿಸಲೇ ಇಲ್ಲ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದಿಂದ ನಡೆಸುವ ವಿಜ್ಞಾನಿಗಳು ನೋಡುವುದೂ ಪರದೆಯನ್ನೇ. ಅವರು ಆಕಾಶವನ್ನು ನೋಡಲಿಲ್ಲವೆಂದು ಹೇಳುವವರು ಯಾರು?

ಹಾಗಾದರೆ ಛಾಯಾಗ್ರಾಹಕನಿಗೂ ನಮಗೂ ಭೇದವೆಲ್ಲಿ? ಅದು ನಿಲ್ಲಿಸುವ ಸ್ಥಾನದಲ್ಲಿದೆ. ಚಿತ್ರಗಳ ಸಂಖ್ಯೆ ಹೆಚ್ಚಿದಂತೆಲ್ಲ ಮರಳುತನ ಇಳಿಯುವುದು ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ: ಹದಿನಾರು ಚಿತ್ರಗಳಿಂದ ಅದು ನಾಲ್ಕನೆಯ ಒಂದಕ್ಕೆ ಇಳಿದರೆ, ಎಂಟನೆಯ ಒಂದಕ್ಕೆ ಇಳಿಸಲು ಅರುವತ್ತನಾಲ್ಕು ಬೇಕು. ಐದು ನಿಮಿಷದ ಫಲವನ್ನು ಇಮ್ಮಡಿಸಲು ಇಪ್ಪತ್ತು ನಿಮಿಷ, ಅದನ್ನು ಇಮ್ಮಡಿಸಲು ಎಂಬತ್ತು ನಿಮಿಷ. ಪ್ರಕೃತಿಯು ತನ್ನ ಔದಾರ್ಯವನ್ನೆಲ್ಲ ಮೊದಲ ಕೆಲವು ನಿಮಿಷಗಳಲ್ಲಿಯೇ ತೋರಿಸಿಬಿಡುತ್ತದೆ. ಮುಂದಿನ ಜಿಪುಣತನದೊಡನೆ ರಾತ್ರಿಗಟ್ಟಲೆ ಹೋರಾಡುವುದು ಛಾಯಾಗ್ರಾಹಕನ ತಪಸ್ಸು, ಅದರ ಫಲವೂ ಶ್ರೇಷ್ಠವಾದುದೇ. ನೋಡುವವನು ಹತ್ತು ನಿಮಿಷಕ್ಕೆ ಎದ್ದು ಮುಂದಿನ ವಸ್ತುವಿಗೆ ಹೋಗಬೇಕೆಂಬುದು ನನ್ನ ಮತ. ಅಂತೆಯೇ, ಹಿಸ್ಟೋಗ್ರಾಮಿನ ಗೆರೆಯನ್ನು ಎಳೆದೆಳೆದು ಆಕಾಶವನ್ನು ಮಸಿಯಂತೆ ಕಪ್ಪಾಗಿಸುವುದೂ ನನಗೆ ಒಗ್ಗದು. ಹಿನ್ನೆಲೆಯು ತುಸು ಬೂದಾಗಿಯೇ ಇರಲಿ, ಬಾಹುಗಳ ಹೊರ ಅಂಚು ಅದರಲ್ಲಿ ಕರಗುವ ಪರಿಯನ್ನು ಕಾಣುವುದು ಆಗಲೇ.

ನಗರದ ಬೆಳಕಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಮಾಳಿಗೆಯಿಂದಲೂ ಈ ಸುಳಿ ಕಾಣುವುದು ಕ್ಯಾಮೆರಾದ ದೊಡ್ಡ ಉಪಕಾರವೇ ಸರಿ. ಆದರೆ ಸಾಫ್ಟ್‌ವೇರ್ ಆಕಾಶದ ಹೊಳಪನ್ನು ಕಳೆಯಬಲ್ಲುದೇ ಹೊರತು, ಆ ಹೊಳಪು ತನ್ನೊಡನೆ ತಂದ ಮರಳನ್ನು ಕಳೆಯಲಾರದು. ಎರಡು ಬಣ್ಣಗಳನ್ನಷ್ಟೇ ಒಳಬಿಡುವ ಫಿಲ್ಟರುಗಳು ಅನಿಲದ ನೀಹಾರಿಕೆಗಳಿಗೆ ಅಮೃತಪ್ರಾಯವಾದುವು, ಏಕೆಂದರೆ ಅಂಥವು ಬೆಳಗುವುದೇ ಜಲಜನಕ ಆಮ್ಲಜನಕಗಳ ಕೆಲವು ನಿಯತವಾದ ರೇಖೆಗಳಲ್ಲಿ ಎಂಬುದನ್ನು 1864ರಲ್ಲಿ ವಿಲಿಯಂ ಹಗಿನ್ಸ್ ಕಂಡ ಹಸಿರು ರೇಖೆಗಳಿಂದ ಮೊದಲ್ಗೊಂಡು ನಾವು ಬಲ್ಲೆವು. ಗೆಲಾಕ್ಸಿಯಾದರೋ ನಕ್ಷತ್ರಗಳ ಸಮಸ್ತವರ್ಣಗಳಲ್ಲಿಯೂ ಬೆಳಗುವುದರಿಂದ ಅದಕ್ಕೆ ಈ ಫಿಲ್ಟರು ಉಪಕಾರಕ್ಕಿಂತ ಅಪಕಾರವನ್ನೇ ಮಾಡುವುದು. ಅದಕ್ಕೆ ಮದ್ದು ಒಂದೇ: ತುಮಕೂರು, ಚಿತ್ರದುರ್ಗಗಳ ಬಯಲಿನ ಕಡೆಗೆ ಗಾಡಿ ಹತ್ತುವುದು.

ಏಪ್ರಿಲ್ ಕೊನೆಯ ಅಮಾವಾಸ್ಯೆಯ ಸುತ್ತಿನ ರಾತ್ರಿಗಳು, ಸಂಜೆಯ ಗುಡುಗುಮಳೆ ಧೂಳನ್ನು ತೊಳೆದು ಹೋದುದಾದರೆ, ಇದಕ್ಕೆ ಅತ್ಯಂತ ಪ್ರಶಸ್ತವಾದುವು. ಹನ್ನೊಂದು ಗಂಟೆಯ ಸುಮಾರಿಗೆ ನಮ್ಮ ಸುಳಿ ಉತ್ತರದಲ್ಲಿ ಐವತ್ತಾರು ಡಿಗ್ರಿಗಳಷ್ಟು ಎತ್ತರಕ್ಕೇರಿ ಮಧ್ಯಾಹ್ನರೇಖೆಗೆ ಬರುವುದು. ಅದೇ ವೇಳೆಯಲ್ಲಿ, ಹೆಚ್ಚುಕಡಿಮೆ ಅದೇ ರೇಖೆಯ ಮೇಲೆ, ದಕ್ಷಿಣದಲ್ಲಿ ಮೂವತ್ತು ಡಿಗ್ರಿ ಎತ್ತರದಲ್ಲಿ ಒಮೇಗ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಿಂತಿರುವುದು. ಒಂದು ಖಗೋಳ ವಿಷುವದ್ವೃತ್ತದಿಂದ ನಲವತ್ತೇಳು ಡಿಗ್ರಿ ಉತ್ತರಕ್ಕೆ, ಇನ್ನೊಂದು ಸರಿಸುಮಾರು ಅಷ್ಟೇ ದಕ್ಷಿಣಕ್ಕೆ. ಐರ್ಲೆಂಡಿನ ಅರ್ಲನಿಗೆ ತನ್ನ ಅಂಗಳದಿಂದ ಈ ಎರಡನೆಯದು ಎಂದಿಗೂ ಉದಯಿಸದು. ಹ್ಯಾಲಿ ಇದನ್ನು 1677ರಲ್ಲಿ ಗುರುತಿಸಿದುದು ಸೇಂಟ್ ಹೆಲೀನಾ ದ್ವೀಪಕ್ಕೆ ಹೋಗಿ. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿರುವ ಕಾವಲೂರನ್ನು ವೇಣು ಬಾಪು ಅವರು ವೀಕ್ಷಣಾಲಯಕ್ಕಾಗಿ ಆರಿಸಿದುದಕ್ಕೆ, ಅಲ್ಲಿಂದ ದಕ್ಷಿಣಾಕಾಶವೂ ಕೈಗೆಟುಕುವುದೆಂಬುದೇ ಒಂದು ಮುಖ್ಯ ಕಾರಣವಾಗಿತ್ತು. ಅದೇ ಭಾಗ್ಯ ಕನ್ನಡನಾಡಿನ ಪ್ರತಿಯೊಂದು ಮಾಳಿಗೆಗೂ ಉಂಟು.

ಒಮೇಗ ಸೆಂಟಾರಿಗೆ ಕ್ಯಾಮೆರಾವನ್ನು ಒಡ್ಡಬೇಡಿ. ಸುಮಾರು ಒಂದು ಕೋಟಿ ನಕ್ಷತ್ರಗಳ ಆ ಗೋಳಗುಚ್ಛದ ನಡುಭಾಗ ಪರದೆಯ ಮೇಲೆ ಬೆಳ್ಳಗೆ ಉರಿದುಹೋಗುವುದು. ಕಣ್ಣಾದರೋ ನಡುವಣ ದಟ್ಟಕಾಂತಿಯನ್ನೂ ಅಂಚಿನ ಬಿಡಿಬಿಡಿ ಬಿಂದುಗಳನ್ನೂ ಏಕಕಾಲದಲ್ಲಿ ಹಿಡಿಯುವುದು. ಐಪೀಸನ್ನೇ ತೊಡಿಸಿ ಅದನ್ನು ಮೊದಲು ನೋಡಿಕೊಳ್ಳಿ, ಉತ್ತರದ ಕಡೆಗೆ ಆಮೇಲೆ ತಿರುಗಿರಿ. ಒಮ್ಮೆ ಪರದೆಯ ಬೆಳಕು ಕಣ್ಣಿಗೆ ಬಿದ್ದಿತೆಂದರೆ ದಂಡಕೋಶಗಳು ಮರಳಿ ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕಾಗುವುದು, ಅಷ್ಟರಲ್ಲಿ ದಕ್ಷಿಣದ ಗುಚ್ಛವು ಇಳಿಮುಖವಾಗಿರುತ್ತದೆ.