ಮಕ್ಕಳ ಅಪಸ್ಮಾರ: ಕತ್ತರಿ ಮಾಡುವುದೆಷ್ಟು, ಪ್ರೋಟೀನ್ ಹೇಳುವುದೆಷ್ಟು

ಅಪಸ್ಮಾರವಿರುವ ಮಕ್ಕಳಲ್ಲಿ ಸುಮಾರು ಮೂರನೇ ಎರಡು ಪಾಲಿಗೆ ಮಾತ್ರೆಯಿಂದಲೇ ಫಿಟ್ಸ್ ನಿಲ್ಲುತ್ತದೆ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ ಅದು ಔಷಧಕ್ಕೆ ಮಣಿಯದ ಅಪಸ್ಮಾರ. ಮೂರನೆಯ, ನಾಲ್ಕನೆಯ ಮಾತ್ರೆಯಿಂದ ಪೂರ್ತಿ ಗುಣ ಕಾಣುವವರು ತೀರ ಕಡಿಮೆ. ಅಲ್ಲಿಂದ ಮುಂದೆ ವೈದ್ಯರು ಎರಡು ಕಡೆ ನೋಡುತ್ತಾರೆ: ಮಿದುಳಿನಲ್ಲಿ ಫಿಟ್ಸ್ ಹುಟ್ಟುವ ಜಾಗವನ್ನು ತೆಗೆಯುವುದು, ಇಲ್ಲವೇ ದೋಷವಿರುವ ವಂಶವಾಹಿ ಯಾವ ಪ್ರೋಟೀನನ್ನು ಕೆಡಿಸಿದೆ ಎಂದು ಹುಡುಕುವುದು.

ಭಾರತದಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆ ಹೊಸದಲ್ಲ. ಮಾಂಟ್ರಿಯಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಪೆನ್‌ಫೀಲ್ಡ್ ಅವರ ಬಳಿ ಕಲಿತು ಬಂದ ಜೇಕಬ್ ಚಾಂಡಿ 1952ರಲ್ಲೇ ವೆಲ್ಲೂರಿನಲ್ಲಿ ಇದನ್ನು ಮಾಡಿದರು. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಬೆಂಗಳೂರಿನ ನಿಮ್ಹಾನ್ಸ್. ದಿನಗಟ್ಟಲೆ ನಡೆಯುವ ವಿಡಿಯೊ ಇಇಜಿ, ಎಂಆರ್‌ಐ, ಬೇಕಾದರೆ ಮಿದುಳಿನ ಕಾಂತೀಯ ಸಂಕೇತ ಅಳೆಯುವ ಎಂಇಜಿ ಎಲ್ಲವೂ ಒಂದೇ ಜಾಗವನ್ನು ತೋರಿಸಿದ ಮೇಲೆಯೇ ಕತ್ತರಿಯ ಮಾತು. ಜಾಗ ಚಿಕ್ಕದಿದ್ದರೆ ಅಷ್ಟನ್ನೇ ತೆಗೆಯುತ್ತಾರೆ. ಮಿದುಳಿನ ಒಂದು ಅರ್ಧವೇ ಕೆಟ್ಟಿದ್ದರೆ ಅದನ್ನು ಇನ್ನೊಂದು ಅರ್ಧದಿಂದ ಬೇರ್ಪಡಿಸುತ್ತಾರೆ. ಕೇಳಲು ಭಯಾನಕ. ಆದರೆ ಎಳೆಯ ಮಿದುಳು ಮಾತಿನ ಕೆಲಸವನ್ನು ಉಳಿದ ಅರ್ಧಕ್ಕೆ ಸಾಗಿಸಿಕೊಳ್ಳಬಲ್ಲದು. ಹೆಚ್ಚಿನ ಮಕ್ಕಳು ನಡೆಯುತ್ತಾರೆ. ಒಂದು ಕೈಯ ನಾಜೂಕು ಕೆಲಸವೂ ಒಂದು ಬದಿಯ ನೋಟವೂ ಮಾತ್ರ ಮರಳುವುದಿಲ್ಲ.

ಈ ಚಿಕಿತ್ಸೆಯ ಪರವಾಗಿರುವ ಗಟ್ಟಿ ಸಾಕ್ಷ್ಯ ನಮ್ಮ ದೇಶದ್ದೇ. ದೆಹಲಿಯ ಏಮ್ಸ್ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ವರ್ಷದವರೆಗಿನ 116 ಮಂದಿ ಇದ್ದರು. 57 ಮಂದಿಗೆ ಶಸ್ತ್ರಚಿಕಿತ್ಸೆ, 59 ಮಂದಿಗೆ ಔಷಧಿ ಮಾತ್ರ. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇ 77ರಷ್ಟು ಮಂದಿಗೆ ಫಿಟ್ಸ್ ನಿಂತಿತ್ತು, ಎರಡನೆಯದರಲ್ಲಿ ಶೇ 7ರಷ್ಟು ಮಂದಿಗೆ. ಇಷ್ಟು ದೊಡ್ಡ ಅಂತರ ವೈದ್ಯಕೀಯ ಪ್ರಯೋಗಗಳಲ್ಲಿ ಅಪರೂಪ. ಹಾಗೆಂದು ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ಶಸ್ತ್ರಚಿಕಿತ್ಸೆಯಾದ ಮೂವರಲ್ಲಿ ಒಬ್ಬರಿಗೆ ಗಂಭೀರ ತೊಂದರೆಯಾಯಿತು. ಅದರಲ್ಲಿ ಹೆಚ್ಚಿನದು ದೇಹದ ಒಂದು ಬದಿಯ ಬಲಹೀನತೆ, ಅದೂ ಬಹುಮಟ್ಟಿಗೆ ಮೊದಲೇ ನಿರೀಕ್ಷಿಸಿದ್ದು. ಅವಧಿ ಒಂದೇ ವರ್ಷ, ನಡೆದದ್ದು ನುರಿತ ಕೈಗಳಿರುವ ಒಂದೇ ಕೇಂದ್ರದಲ್ಲಿ. ಈ ಶೇ 77 ಎಲ್ಲ ಆಸ್ಪತ್ರೆಗೂ ಅನ್ವಯಿಸದು. ಇನ್ನೊಂದು ವಿಷಯ: ಔಷಧಿ ಗುಂಪಿನ ಮಕ್ಕಳು ಶಸ್ತ್ರಚಿಕಿತ್ಸೆಯ ಸರದಿಯಲ್ಲಿ ಹೇಗೂ ಕಾಯಬೇಕಿದ್ದವರು. ಪ್ರಯೋಗಕ್ಕೆ ಅನುಕೂಲವಾದ ಆ ಕಾಯುವಿಕೆಯೇ ವ್ಯವಸ್ಥೆಯ ಮೇಲಿನ ಟೀಕೆ.

ಪ್ರೋಟೀನ್ ಸಂಶೋಧನೆಯ ಲೆಕ್ಕ ಬೇರೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ವಂಶವಾಹಿ ಕಾಯಿಲೆಯನ್ನು ನೋಡಿ. ಹಮಾರ್ಟಿನ್, ಟ್ಯೂಬೆರಿನ್ ಎಂಬ ಎರಡು ಪ್ರೋಟೀನುಗಳು ಜೀವಕೋಶದ ಬೆಳವಣಿಗೆಯನ್ನು ನಡೆಸುವ ಎಂಟಾರ್ ಎಂಬ ಕಿಣ್ವವನ್ನು ಅಂಕೆಯಲ್ಲಿಡುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ಮಿದುಳಿನಲ್ಲಿ ಗಂಟುಗಳು ಬೆಳೆಯುತ್ತವೆ. ಇದು ತಿಳಿದದ್ದರಿಂದಲೇ ಎಂಟಾರನ್ನು ತಡೆಯುವ ಎವರೊಲಿಮಸ್ ಮಾತ್ರೆ ಈ ಕಾಯಿಲೆಗೆ ಬಂತು. 366 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚಿನ ಪ್ರಮಾಣ ಪಡೆದವರ ಪೈಕಿ ಶೇ 40ರಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯಿತು. ಹುಸಿ ಮಾತ್ರೆ ಪಡೆದವರಲ್ಲಿ ಶೇ 15. ಪೂರ್ತಿ ನಿಂತವರು ಕೆಲವರೇ. ಕಾರಣ ಇಷ್ಟು ಸ್ಪಷ್ಟವಾಗಿ ಗೊತ್ತಿರುವ ಕಾಯಿಲೆಯಲ್ಲೇ ಫಲ ಇಷ್ಟು.

ಲಫೋರಾ ಎಂಬ ಅಪಸ್ಮಾರದ ಕಾಯಿಲೆ ಇನ್ನೂ ಕಠಿಣ. ಹದಿಹರೆಯದಲ್ಲಿ ಶುರುವಾಗಿ ಸಾಮಾನ್ಯವಾಗಿ ಹತ್ತು ವರ್ಷದಲ್ಲಿ ಜೀವ ತೆಗೆಯುವ ಇದು, ರಕ್ತಸಂಬಂಧದಲ್ಲಿ ಮದುವೆ ನಡೆಯುವ ದಕ್ಷಿಣ ಭಾರತದ ಮನೆಗಳಲ್ಲಿ ಕಾಣಿಸಿಕೊಂಡಿದೆ. ನಿಮ್ಹಾನ್ಸ್ ವೈದ್ಯರು ಕಂಕುಳಿನ ಚರ್ಮದ ತುಣುಕಿನಿಂದ ಪತ್ತೆ ಮಾಡಿ ದಾಖಲಿಸಿದ್ದಾರೆ. ಈ ಕಾಯಿಲೆಯಲ್ಲಿ ಕೆಡುವ ಲಫೋರಿನ್, ಮಾಲಿನ್ ಎಂಬ ಪ್ರೋಟೀನುಗಳ ವಂಶವಾಹಿಗಳು 1998 ಮತ್ತು 2003ರಲ್ಲಿ ಸಿಕ್ಕವು. ಐಐಟಿ ಕಾನ್ಪುರದಲ್ಲಿ ಸುಬ್ರಮಣಿಯಂ ಗಣೇಶ್ ಅವರ ತಂಡ ಇವುಗಳ ಮೇಲೆ ದೀರ್ಘಕಾಲ ದುಡಿದಿದೆ. ತಿಳಿವಳಿಕೆ ಬೆಳೆದಿದೆ, ಕಾಯಿಲೆ ವಾಸಿ ಮಾಡುವ ಔಷಧಿ ಬಂದಿಲ್ಲ. ಇಲ್ಲಿ ಕತ್ತರಿಗೂ ಕೆಲಸವಿಲ್ಲ, ಏಕೆಂದರೆ ತೆಗೆಯಲು ಒಂದು ಜಾಗವೇ ಇಲ್ಲ.

ವಂಶವಾಹಿ ಪರೀಕ್ಷೆಯ ನಿಜವಾದ ಉಪಯೋಗ ಸದ್ಯಕ್ಕೆ ತಪ್ಪು ದಾರಿ ಹಿಡಿಯದಂತೆ ತಡೆಯುವುದರಲ್ಲಿದೆ. ಡ್ರಾವೆ ಸಿಂಡ್ರೋಮ್ ಎಂಬ ಅಪಸ್ಮಾರದಲ್ಲಿ ಸಾಮಾನ್ಯವಾಗಿ ಸೋಡಿಯಂ ಸಾಗಿಸುವ ಪ್ರೋಟೀನ್ ಕೆಟ್ಟಿರುತ್ತದೆ. ಅಂಥ ಮಗುವಿಗೆ ಎಲ್ಲೆಡೆ ಸಿಗುವ ಕಾರ್ಬಮಜೆಪಿನ್ ಕೊಟ್ಟರೆ ಫಿಟ್ಸ್ ಹೆಚ್ಚಬಹುದು. ಎರಡು ದಾರಿಗಳು ಕೂಡಿದ ಉದಾಹರಣೆಯೂ ಒಂದುಂಟು. ಮಿದುಳಿನ ಹೊರಪದರ ಹುಟ್ಟಿನಿಂದಲೇ ಅಸ್ತವ್ಯಸ್ತವಾಗಿದ್ದ ಮಕ್ಕಳಿಂದ ತೆಗೆದ ತುಣುಕುಗಳನ್ನು ಕೊರಿಯದ ತಂಡವೊಂದು ಪರೀಕ್ಷಿಸಿ, ರಕ್ತದಲ್ಲಿ ಕಾಣದ ಎಂಟಾರ್ ದೋಷ ಮಿದುಳಿನ ಕೆಲವೇ ಕೋಶಗಳಲ್ಲಿರುವುದನ್ನು 2015ರಲ್ಲಿ ತೋರಿಸಿತು. ಶಸ್ತ್ರಚಿಕಿತ್ಸೆಯಿಲ್ಲದೆ ಆ ಅಂಗಾಂಶ ಕೈಗೆ ಸಿಗುತ್ತಿರಲಿಲ್ಲ.

ಹಳೆ ಮೈಸೂರು ಕಡೆ ಹೆಚ್ಚಾಗಿರುವ, ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಅಪಸ್ಮಾರಕ್ಕೆ ಕತ್ತರಿಯೂ ಪ್ರೋಟೀನ್ ಹುಡುಕಾಟವೂ ಬೇಕಿಲ್ಲ: ತಲೆಗೆ ಉಗುರುಬೆಚ್ಚಗಿನ ನೀರು, ಕೆಲವರಿಗೆ ಸ್ನಾನಕ್ಕೆ ಮುಂಚೆ ಕ್ಲೊಬಜಾಮ್ ಮಾತ್ರೆ. ಹುಟ್ಟುವಾಗ ಉಸಿರು ಕಟ್ಟಿದ್ದು, ಎಳೆಗೂಸಿನ ರಕ್ತದಲ್ಲಿ ಸಕ್ಕರೆ ಇಳಿದದ್ದು ನಮ್ಮಲ್ಲಿ ಮಕ್ಕಳ ಅಪಸ್ಮಾರಕ್ಕೆ ದೊಡ್ಡ ಕಾರಣಗಳು. ಅವುಗಳಿಗೆ ಪ್ರಯೋಗಾಲಯಕ್ಕಿಂತ ಒಳ್ಳೆಯ ಹೆರಿಗೆ ವಾರ್ಡ್ ಮುಖ್ಯ.

ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಂಥ ಊರಿನಿಂದ ನೋಡಿದರೆ ಶಸ್ತ್ರಚಿಕಿತ್ಸೆಯ ದೊಡ್ಡ ಕೊರತೆ ತಂತ್ರದ್ದಲ್ಲ, ತಡದ್ದು. ಕೈಗೆ ಕಬ್ಬಿಣ ಕೊಡುವುದು, ತಾಯತ ಕಟ್ಟಿಸುವುದು, ಆಮೇಲೆ ಹೊನ್ನಾಳಿ, ದಾವಣಗೆರೆ, ಶಿವಮೊಗ್ಗ, ವರ್ಷಗಟ್ಟಲೆ ಮಾತ್ರೆ ಬದಲಾವಣೆ. ಬೆಂಗಳೂರು ಕೊನೆಗೆ ಬರುತ್ತದೆ, ಅಷ್ಟರಲ್ಲಿ ಮಗುವಿನ ಕಲಿಕೆಯ ವಯಸ್ಸು ಕಳೆದಿರುತ್ತದೆ. ಎರಡನೇ ಔಷಧಿ ಫಲ ಕೊಡದಾಗಲೇ ತಾಲ್ಲೂಕಿನ ವೈದ್ಯರು ಮಗುವನ್ನು ಅಪಸ್ಮಾರ ಕೇಂದ್ರಕ್ಕೆ ಕಳಿಸಬೇಕು. ಕಳಿಸದಿದ್ದರೆ ತಂದೆ ತಾಯಿ ಕೇಳಿ ಚೀಟಿ ಬರೆಸಿಕೊಳ್ಳಬೇಕು.