ಅಂಬಾಸಿಡರಿನ ದಾಯಾದಿ ಎಂಜಿಎ

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ಜೀರ್ಣೋದ್ಧಾರಗೊಂಡು, ಒಡೆಯನ ಅಭಿರುಚಿಗೆ ತಕ್ಕಂತೆ ಮಾರ್ಪಟ್ಟು ಮಾರಾಟಕ್ಕೆ ಬಂದಾಗ, ಅದರ ಬಣ್ಣ ಮತ್ತು ಕ್ರೋಮ್ ಬಗ್ಗೆ ನಡೆಯುವಷ್ಟು ಚರ್ಚೆ ಬಾನೆಟ್ ಕೆಳಗಿರುವುದರ ಬಗ್ಗೆ ನಡೆಯುವುದಿಲ್ಲ. ಈ ವಾರದ ವಿಷಯವೂ ಬಣ್ಣವೇ ಆಗಬೇಕಿತ್ತು. ಆದರೆ 1955ರಿಂದ 1962ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಎಂಜಿಎ ಮಾದರಿಯನ್ನು ಎದುರಿಗಿಟ್ಟುಕೊಂಡರೆ ಎಂಜಿನ್ನಿನ ವಿಚಾರವೇ ಮೊದಲು ಬರಬೇಕಾಗುತ್ತದೆ.

ಮೊದಲ ಎಂಜಿಎಗಳಲ್ಲಿದ್ದದ್ದು 1489 ಸಿಸಿಯ ‘ಬಿ-ಸೀರೀಸ್’ ಎಂಜಿನ್. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ತನ್ನ ಹಲವು ಕಾರುಗಳಿಗೆ ಹಂಚಿದ ನಾಲ್ಕು ಸಿಲಿಂಡರಿನ ಎಂಜಿನ್ ಕುಟುಂಬಕ್ಕೆ ಈ ಹೆಸರು. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್ ದಶಕಗಟ್ಟಲೆ ಓಡಿದ್ದೂ ಇದೇ ಕುಟುಂಬದ 1489 ಸಿಸಿ ಎಂಜಿನ್ನಿನಿಂದ. ಸಿಲಿಂಡರಿನ ವ್ಯಾಸ ಸುಮಾರು 73 ಮಿ.ಮೀ., ಪಿಸ್ಟನ್ ಚಲಿಸುವ ದೂರ ಸುಮಾರು 89 ಮಿ.ಮೀ. ಎಂಬ ಅಳತೆಗಳು ಎರಡರಲ್ಲೂ ಒಂದೇ. ಎಂಜಿಎಗೆ ಎರಡು ಎಸ್‌ಯು ಕಾರ್ಬುರೇಟರುಗಳೂ ಹೆಚ್ಚಿನ ಕಂಪ್ರೆಷನ್ನೂ ಇದ್ದುದರಿಂದ ಅದು 70 ಅಶ್ವಶಕ್ತಿಯ ಆಸುಪಾಸಿಗೆ ಏರಿತು. ಸಂಸಾರ ಹೊರುವ ಅಂಬಾಸಿಡರ್ 50ರ ಸುತ್ತಮುತ್ತ ತೃಪ್ತವಾಯಿತು. ಆದ್ದರಿಂದ ಬ್ಯಾಡರಹಳ್ಳಿಯಿಂದ ಸುಂಕದಕಟ್ಟೆ, ಕಾಮಾಕ್ಷಿಪಾಳ್ಯದವರೆಗೆ ಬೆಂಗಳೂರಿನ ಮಾಗಡಿ ರಸ್ತೆಯ ಆಸುಪಾಸಿನ ಲೇತ್, ಬೋರಿಂಗ್ ಮತ್ತು ಪ್ಲೇಟಿಂಗ್ ಶೆಡ್ಡುಗಳಲ್ಲಿ, ಅಂಬಾಸಿಡರ್ ಎಂಜಿನ್ ಬಿಚ್ಚಿ ಕಟ್ಟಿ ಪಳಗಿದ ಕೈಗಳಿಗೆ ಎಂಜಿಎ ಪರದೇಶಿಯಲ್ಲ. ಈ ಕುಶಲತೆಯನ್ನು ಬದಿಗಿಟ್ಟು ಲಂಡನ್ನಿನ ಕ್ಯಾಟಲಾಗನ್ನೇ ನೆಚ್ಚುವವರು ದುಡ್ಡನ್ನೂ ಕಾಲವನ್ನೂ ವ್ಯರ್ಥಮಾಡುತ್ತಾರೆ.

ಕಾರ್ಖಾನೆಯಿಂದ ಬಂದ ನಟ್ಟು ಬೋಲ್ಟಿನ ಹೊರತು ಬೇರೇನನ್ನೂ ಒಪ್ಪದ ಪಂಥದೊಂದಿಗೆ ಈ ಅಂಕಣಕ್ಕಿರುವ ಭಿನ್ನಾಭಿಪ್ರಾಯ ಹಳೆಯದು. ಅಂಬಾಸಿಡರಿನ ಬಿಡಿಭಾಗ ಕೂಡಿದ ಎಂಜಿಎ ಈ ನೆಲದಲ್ಲಿ ಬಾಳಿ ಉಳಿದ ಎಂಜಿಎ; ಅದನ್ನು ಕಲಬೆರಕೆ ಎನ್ನುವುದು ಅನ್ಯಾಯ. ಆದರೆ ಈಗ ಹಬ್ಬುತ್ತಿರುವ ಇನ್ನೊಂದು ಚಾಳಿ ಇದಕ್ಕಿಂತ ಅಪಾಯಕಾರಿ: ಆಧುನಿಕ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆ ಕೂರಿಸಲು ಷಾಸಿಯ ಅಡ್ಡಪಟ್ಟಿಯನ್ನೇ ಕತ್ತರಿಸಿ ವೆಲ್ಡ್ ಮಾಡುವುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ ಅಂಗೀಕರಿಸಿದ ಟ್ಯೂರಿನ್ ಸನ್ನದು, ಅಂದರೆ ಇಂಥ ವಾಹನಗಳ ಸಂರಕ್ಷಣೆಯ ಮಾರ್ಗಸೂಚಿ, ಕಟ್ಟಡಗಳ ಕುರಿತ 1964ರ ವೆನಿಸ್ ಸನ್ನದಿನಿಂದ ಸ್ಫೂರ್ತಿ ಪಡೆದದ್ದು. ವಾಹನದಲ್ಲಿ ಉಳಿದಿರುವ ಮೂಲ ದ್ರವ್ಯಕ್ಕೆ ಆದಷ್ಟು ಕಡಿಮೆ ಕೈ ಹಚ್ಚಬೇಕೆಂಬುದು ಅದರ ತಿರುಳು. ಬಿಚ್ಚಿ ಹಿಂದಿನಂತೆ ಜೋಡಿಸಬಹುದಾದ ಮಾರ್ಪಾಡು ಈ ಒರೆಗಲ್ಲಿಗೆ ನಿಲ್ಲುತ್ತದೆ, ಕತ್ತರಿಸಿದ ಷಾಸಿ ನಿಲ್ಲುವುದಿಲ್ಲ.

ಕಾನೂನಿನ ಒಲವೂ ಅದೇ ಕಡೆಗಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಷಾಸಿ, ಬಾಡಿ ಶೆಲ್ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಕಾಣದ ಖಾಸಗಿ ವಾಹನಕ್ಕೆ ಮಾತ್ರ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅತಿಯಾಗಿ ತಿದ್ದಿದ ಕಾರನ್ನು ‘ವಿಂಟೇಜ್’ ಎಂದು ಹೆಚ್ಚಿನ ಬೆಲೆಗೆ ಕೊಂಡವರಿಗೆ ಈ ಬಾಗಿಲು ತೆರೆಯದಿರಬಹುದು.

ಕಾರು ಕೊಳ್ಳುವ ಮುನ್ನ ಬಣ್ಣದಡಿಯ ಪುಟ್ಟಿ ಪತ್ತೆಗೆ ಅಯಸ್ಕಾಂತ ಹಿಡಿದು ಹೋಗುವ ರೂಢಿ ಒಳ್ಳೆಯದೇ. ಆದರೆ ಎಂಜಿಎಯ ಬಾನೆಟ್, ಡಿಕ್ಕಿಯ ಮುಚ್ಚಳ ಮತ್ತು ಬಾಗಿಲುಗಳ ಹೊರಹೊದಿಕೆ ಅಲ್ಯೂಮಿನಿಯಂನವು, ಅಲ್ಲಿ ಅಯಸ್ಕಾಂತ ಅಂಟದಿದ್ದರೆ ಗಾಬರಿ ಬೇಡ. ನೋಡಬೇಕಾದದ್ದು ಮರದ ಹಲಗೆಗಳ ನೆಲಹಾಸನ್ನು ಎತ್ತಿದಾಗ ಕಾಣುವ ಷಾಸಿಯ ಉಕ್ಕನ್ನು. ಆಬಿಂಗ್ಡನ್‌ನ ದಾಖಲೆಗಳ ಆಧಾರದ ಮೇಲೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ನೀಡುವ ಪ್ರಮಾಣಪತ್ರದಲ್ಲಿ ಕಾರಿನ ಮೂಲ ವಿವರಗಳು ದೊರೆಯುತ್ತವೆ. ಆ ಪತ್ರ, ಆರ್‌ಸಿ ಪುಸ್ತಕ ಮತ್ತು ಷಾಸಿಯ ಸಂಖ್ಯೆ ಮೂರನ್ನೂ ತಾಳೆ ನೋಡಿ, ಬಿಚ್ಚಿಟ್ಟ ಹಳೆಯ ಭಾಗಗಳನ್ನೂ ಕಾರಿನೊಂದಿಗೇ ಕೇಳಿ ಪಡೆಯುವವರೆಗೆ ಕೊಳ್ಳುವವರು ಮುಂಗಡ ಕೊಡಬಾರದು.